ಸಂತ ರೋಕನ ನಾಯಿಗಾಗಿ ರಸ್ತೆಯಲ್ಲಿ ಕೂತ ಅಪೊಲೋನಿಯಾ ಬಾಯಿ

ನಮ್ಮ ಜೆಪ್ಪುವಿನ ಓಣಿಯ ಅಪೊಲೋನಿಯಾ ಬಾಯಿಗೆ ಎಪ್ಪತ್ತೆಂಟು ವರ್ಷ. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹಸಿ ಹಂಚು ಹೊತ್ತವರು. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಅವರ ಗಂಟಲು ಹೇಗಾಗಿತ್ತೆಂದರೆ, ಒಮ್ಮೆ ಬೈದರೆ ಬೆಂಕಿಯಿಲ್ಲದೆ ಹಂಚು ಬೇಯುತ್ತಿತ್ತು. ಸುಳ್ಳಲ್ಲ, ನಾನೇ ನೋಡಿದ್ದೇನೆ.

ಆ ಗಂಟಲು ಈ ವರ್ಷ ಹಬ್ಬದ ಸಮಿತಿಯ ಗ್ರೆಗರಿಯ ಮೇಲೆ ತಿರುಗಿತು. ಕಾರಣ, ಒಂದು ನಾಯಿ.

ಓಣಿಯ ತುದಿಯಲ್ಲಿ ಸಂತ ರೋಕನ ಪುಟ್ಟ ಇಗರ್ಜಿಯಿದೆ. ಊರಿಗೆ ಪ್ಲೇಗ್ ಬಂದಾಗ ಕಟ್ಟಿದ್ದು. ಮರದ ಮೂರ್ತಿ ಗೋವೆಯಿಂದ ಹಾಯಿದೋಣಿಯಲ್ಲಿ ಬಂದಿಳಿದದ್ದೇ ತಡ, ಪ್ಲೇಗ್ ಚಪ್ಪಲಿ ಬಿಟ್ಟು ಓಡಿತಂತೆ. ಆ ಚಪ್ಪಲಿಯನ್ನು ನನ್ನ ಅಜ್ಜ ಎರಡು ವರ್ಷ ಮೆಟ್ಟಿದ್ದರು. ರೋಕ ಪ್ಲೇಗಿನವರ ಸೇವೆ ಮಾಡಿ ತಾನೇ ರೋಗ ಹತ್ತಿಸಿಕೊಂಡವನು. ಕಾಡಿನಲ್ಲಿ ಒಬ್ಬನೇ ಬಿದ್ದಿದ್ದಾಗ ದಿನಾ ರೊಟ್ಟಿ ತಂದುಕೊಟ್ಟದ್ದು ಒಂದು ನಾಯಿ. ಅದಕ್ಕೇ ಮೂರ್ತಿಯ ಕಾಲಬುಡದಲ್ಲಿ ನಾಯಿ. ಹಬ್ಬದ ದಿನ ಅದರ ಹಲ್ಲಿಗೆ ಬಿಸಿ ಬನ್ ಸಿಕ್ಕಿಸುವುದು ಅಪೊಲೋನಿಯಾ ಬಾಯಿಯ ಮನೆಯವರ ಹಕ್ಕು.

ಈ ಸಲ ಮೂರ್ತಿಗೆ ಬಣ್ಣ ಹೊಡೆಸಿದ ಸಮಿತಿಯ ಕಾರ್ಯದರ್ಶಿ ಗ್ರೆಗರಿ, ನಾಯಿಯನ್ನು ಗರಗಸದಲ್ಲಿ ಕೊಯ್ಯಿಸಿ ಸಾಮಾನಿನ ಕೋಣೆಗೆ ಹಾಕಿಸಿದ. ಅವನ ಗರಗಸಕ್ಕೆ ತುಕ್ಕು ಹಿಡಿಯಲಿ! ಹಬ್ಬದ ದಿನ ಮೂರ್ತಿ ಹೊತ್ತ ಮೆರವಣಿಗೆಯ ಗಾಡಿ ಹೊರಡುವಾಗ ಬಾಯಿ ಬನ್ ಹಿಡಿದು ಬಂದರು, ನೋಡಿದರು, ಗಾಡಿಯ ಮುಂದೆ ರಸ್ತೆಯಲ್ಲೇ ಕೂತುಬಿಟ್ಟರು. ಅವರ ಕೊಂಕಣಿಯನ್ನು ಖಾರ ತೆಗೆದು ಕನ್ನಡದಲ್ಲಿ ಬರೆಯುತ್ತೇನೆ, ಕಾಗದ ಸುಡಬಾರದಲ್ಲ.

“ನಾಯಿ ಎಲ್ಲಿ ಮಾರಾಯ?”

“ಸಂತರ ಹತ್ತಿರ ನಾಯಿ ಎಂತಕ್ಕೆ ಆಂಟಿ? ಚಂದ ಕಾಣುದಿಲ್ಲ. ಬನ್ನಿಗೆ ಇರುವೆ ಬೇರೆ.”

“ಕೊರೊನಾದಲ್ಲಿ ಹದಿನಾಲ್ಕು ದಿನ ಒಬ್ಬಳೇ ಮಲಗಿದ್ದೆ. ನೀನು ಗೇಟಿಗೆ ಬಂದಿದ್ಯಾ? ನಿನ್ನ ಸಮಿತಿ ಒಂದು ಲೋಟ ಗಂಜಿ ತಂತಾ? ಆ ನಾಯಿಯ ಮುಖ ನೋಡ್ಲಿಕ್ಕೆ ನಿನಗೆ ನಾಚಿಕೆ, ಅದಕ್ಕೆ ಕೊಯ್ಸಿದ್ದು!” ಮತ್ತೆ ನನ್ನತ್ತ ತಿರುಗಿದರು. “ನೋಣಯ್ಯಣ್ಣ, ನಗ್ಬೇಡಿ. ನೀವೂ ಬರ್ಲಿಲ್ಲ.”

ನಾನು ಮೆಲ್ಲಗೆ ಬ್ಯಾಂಡಿನವರ ಹಿಂದೆ ಸರಿದೆ. ಬರಲಿಲ್ಲ, ನಿಜ. ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ.

“ಹೊತ್ತಾಯ್ತು, ಏಳಿ ಆಂಟಿ. ಬರುವ ವರ್ಷ ನೋಡುವ.”

“ನಾಯಿ ಬಾರದೆ ಸಂತನೂ ಹೋಗುದಿಲ್ಲ. ಬೇಕಾದ್ರೆ ಗಾಡಿ ನನ್ನ ಮೇಲೆ ಹತ್ತಿಸು.”

ಬ್ಯಾಂಡ್ ನಿಂತಿತು. ಜನ ಗ್ರೆಗರಿಯನ್ನೇ ನೋಡತೊಡಗಿದರು. ಅವನು ಕೋಣೆಗೆ ಓಡಿ, ನಾಯಿಯನ್ನು ಕಂಕುಳಲ್ಲಿ ಎತ್ತಿ ತಂದು, ಸಂತನ ಕಾಲಿಗೆ ಹಗ್ಗದಲ್ಲಿ ಬಿಗಿದ.

“ಈಗ ಏಳ್ತೀರಾ?”

ಬಾಯಿ ಕೂತಲ್ಲಿಂದಲೇ ನಾಯಿಯನ್ನು ಹಿಂದುಮುಂದು ನೋಡಿದರು.

“ಬಾಲ ಎಲ್ಲಿ?”

ಗ್ರೆಗರಿ ಮತ್ತೆ ಕೋಣೆಗೆ ಓಡಿದ.