ಹೈಡ್ರೋಸ್ ಬಗ್ಗೆ ನಾನು ಹೇಳಿದ ಮಾತು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಮಾವ ಆ ಪುಡಿ ತಂದ ಡಬ್ಬ ನೀಲಿಯಾಗಿತ್ತು ಎಂದು ನನ್ನ ನೆನಪು. ಡಬ್ಬವೇ ಇರಲಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದ ಎನ್ನುತ್ತಾಳೆ ಅವತ್ತು ಜೊತೆಗಿದ್ದ ಅಕ್ಕ. ಅದು ದಸರಾ ರಜೆಯೋ, ಯಾವುದೋ ಭಾನುವಾರವೋ, ಗೊತ್ತಿಲ್ಲ. ನಾನು ಆಡಿದ ಮಾತಿನ ಬಗ್ಗೆ ಮಾತ್ರ ಅನುಮಾನವಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಗ ನಾನು ಪಾಂಡವಪುರದಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಕೆಮಿಸ್ಟ್ರಿಯಲ್ಲಿ ತರಗತಿಗೇ ಮುಂದು ಎಂಬ ಜಂಬ ನನಗಿತ್ತು. ತೊಣ್ಣೂರಿನ ಕಡೆ ನನ್ನ ಸೋದರಮಾವನ ಆಲೆಮನೆ. ಬಿಸಿ ಬೆಲ್ಲದ ಆಸೆಗೆ ಆಗಾಗ ಹೋಗುತ್ತಿದ್ದೆ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಮಾವ ಬೆಂಡೆಗಿಡದ ಲೋಳೆ, ಒಂದಿಷ್ಟು ಸುಣ್ಣ ಬಿಟ್ಟರೆ ಬೇರೇನೂ ಹಾಕುತ್ತಿರಲಿಲ್ಲ. ಬೆಲ್ಲ ಹುಣಸೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಮಂಡಿಯಲ್ಲಿ ಎಲ್ಲರ ಕಣ್ಣೂ ಹಳದಿ ಬೆಲ್ಲದ ಮೇಲೆ. ಅಕ್ಕಪಕ್ಕದ ಆಲೆಮನೆಯವರು ಬಣ್ಣ ತಿಳಿಯಾಗಲೆಂದು ಒಂದು ಬಿಳಿ ಪುಡಿ ಹಾಕುತ್ತಿದ್ದರು. ಅದೇ ಹೈಡ್ರೋಸ್.

ಆ ದಿನ ಮಾವನೂ ಅದನ್ನು ತಂದಿಟ್ಟುಕೊಂಡು, ಹಾಕಲೋ ಬೇಡವೋ ಎಂದು ಕೊಪ್ಪರಿಗೆಯ ಮುಂದೆ ನಿಂತಿದ್ದ.

"ಬಾರವ್ವ ಕೆಮಿಸ್ಟ್ರಿ," ಅಂದ. "ನೀನಾರ ಯೋಳು. ಇದ ಆಕುದ್ರೆ ತಿನ್ನೋರ್ಗೆ ಏನಾರ ಆಯ್ತದಾ?"

"ಎಲ್ಲಾರೂ ಆಕ್ತಾವ್ರೆ, ಯಾವನ್ ಸತ್ತವ್ನೆ ಬುಡಣ್ಣೋ," ಅಂದ ಪಾಕ ಕದಡುತ್ತಿದ್ದವನು.

"ನಿನ್ನ ಕೇಳ್ನಿಲ್ಲ ಕಣ್ಲಾ, ಸುಮ್ಕೆ ಕದಡು. ಓದೋ ಮಗೀನ ಕೇಳ್ತಾ ಇವ್ನಿ."

ಗೊತ್ತಿಲ್ಲ, ನಮ್ಮ ಮೇಷ್ಟ್ರನ್ನು ಕೇಳಿ ಹೇಳ್ತೀನಿ ಅಂದಿದ್ದರೆ ಸಾಕಿತ್ತು. ಇಂಥ ಪುಡಿಯಿಂದ ಹೊರಡುವ ಸಲ್ಫರ್ ಡೈಆಕ್ಸೈಡ್ ಎಂಬ ಗಂಧಕದ ಗ್ಯಾಸು ಬಣ್ಣ ಕಳೆಯುತ್ತದೆ ಎಂಬುದಷ್ಟೇ ನನಗೆ ಪಾಠದಿಂದ ಗೊತ್ತಿದ್ದದ್ದು. ತಿನ್ನುವವರ ಸುದ್ದಿ ಆ ಪಾಠದಲ್ಲಿ ಎಲ್ಲೂ ಇರಲಿಲ್ಲ. ಆದರೆ ಎಲ್ಲರೂ ಕೈಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

"ಏನೂ ಆಗಲ್ಲ ಮಾವ. ಕುದಿಯೋವಾಗ ಎಲ್ಲಾ ಗ್ಯಾಸಾಗಿ ಹೊಂಟೋಯ್ತದೆ," ಅಂದೆ. ಇರಲಿ ಅಂತ ರಿಡಕ್ಷನ್ ಎಂಬ ಪದವನ್ನೂ ಸೇರಿಸಿದೆ.

"ನೋಡ್ದೇನ್ಲಾ? ಇಂಗ್ ಯೋಳ್ಬೇಕು," ಅಂತ ಮಾವ ಪಾಕ ಕದಡುವವನ ಕಡೆ ತಿರುಗಿದ. ಅಳತೆಯಿಲ್ಲ, ತೂಕವಿಲ್ಲ, ಒಂದು ಹಿಡಿ ಎರಚಿದ. ಬೆಂಕಿಕಡ್ಡಿ ಗೀರಿದಂಥ ಘಾಟು ಮೂಗಿಗೆ ಹೊಡೆಯಿತು. ಪಾಕದ ಬಣ್ಣ ತಿಳಿಯಾಯಿತು. ಆಗ ನಾನು ಚಪ್ಪಾಳೆ ತಟ್ಟಿದೆ ಅಂತ ಒಮ್ಮೆ ಅನಿಸುತ್ತದೆ. ಇಲ್ಲ, ತಟ್ಟಿದ್ದು ಬೇರೆ ಯಾರೋ.

ಅವತ್ತಿನಿಂದ ಮಾವ ಪ್ರತಿ ಪಾಕಕ್ಕೂ ಅದನ್ನು ಹಾಕತೊಡಗಿದ. ಮುಂದೆ ಮೈಸೂರಿನಲ್ಲಿ ಬಿಎಸ್ಸಿ ಓದುವಾಗ ಲೈಬ್ರರಿಯ ಪುಸ್ತಕವೊಂದರಲ್ಲಿ ವಿಷಯ ಸಿಕ್ಕಿತು. ಎಲ್ಲವೂ ಗ್ಯಾಸಾಗಿ ಹೋಗುವುದಿಲ್ಲ, ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಹೆಚ್ಚಾದರೆ ಕೆಲವರಿಗೆ, ಅದರಲ್ಲೂ ಉಬ್ಬಸ ಇರುವವರಿಗೆ, ಒಳ್ಳೆಯದಲ್ಲ. ಅವತ್ತೇ ಮಾವನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಮುಂದಿನ ಸಲ ಅವನ ಮನೆಗೆ ಹೋದಾಗ, "ಅತ್ತೆ, ನನ್ನ ಕಾಫಿಗೆ ಸಕ್ಕರೆ ಹಾಕಿ," ಅಂದೆ.

"ಮೈಸೂರ್ ಸೇರ್ಕಂಡ್‌ಮೇಲೆ ನಮ್ ಬೆಲ್ಲ ಸೇರಕಿಲ್ವೇನವ್ವ ನಿಂಗೆ?" ಅಂತ ಅತ್ತೆ ನಕ್ಕರು. ನಾನೂ ನಕ್ಕೆ. ಬಾಣಂತಿಯಾಗಿದ್ದ ಅಕ್ಕನಿಗೆಂದು ಅವರು ಅದೇ ಬೆಲ್ಲ ಕಟ್ಟಿಕೊಟ್ಟರು. ಆ ಚೀಲವನ್ನು ಅಕ್ಕನ ಮನೆಗೆ ಹೊತ್ತುಕೊಂಡು ಹೋದವಳು ನಾನೇ. ದಾರಿಯಲ್ಲಿ ಮಾತು ಜೋಡಿಸಿಕೊಂಡೆ, ಬಾಗಿಲಲ್ಲಿ ನುಂಗಿಕೊಂಡೆ. ಹೇಳಿದರೆ ಅವತ್ತು ನನಗೇನೂ ಗೊತ್ತಿರಲಿಲ್ಲ ಎಂಬುದನ್ನೂ ಹೇಳಬೇಕಿತ್ತಲ್ಲ. ಅಕ್ಕನಿಗೆ, ಮಗುವಿಗೆ ಏನೂ ಆಗಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಈಗ ಮಾವ ಆಲೆಮನೆ ನಿಲ್ಲಿಸಿ ಕಬ್ಬನ್ನು ಕಾರ್ಖಾನೆಗೆ ಕೊಡುತ್ತಾನೆ, ಎರಡು ಹಸು ಸಾಕಿದ್ದಾನೆ. ಹೋದ ತಿಂಗಳು ಅವನು ಹಾಲು ಕರೆಯುತ್ತಿದ್ದಾಗ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಸಕ್ಕರೆ ಕಾಫಿಯದನ್ನೂ. ಅವನು ಕರೆದು ಮುಗಿಸಿ ಹಾಲನ್ನು ಕ್ಯಾನಿಗೆ ಸುರಿದ. ನೀನು ಏನಂದಿದ್ದರೂ ಹೇಗೂ ಹಾಕುತ್ತಿದ್ದೆ ಕಣವ್ವ ಅನ್ನಲಿ ಎಂಬ ಆಸೆಯಿಂದಲೇ ಕೊನೆಗೆ ಅವನನ್ನು ಒಂದು ಪ್ರಶ್ನೆ ಕೇಳಿದೆ. ಅವನು ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟುಬಿಟ್ಟ. ಆಮೇಲೆ ಎರಡು ಸಲ ಸಿಕ್ಕಿದ್ದಾನೆ, ಮಳೆ ಬೆಳೆ ಮಾತಾಡಿದ್ದಾನೆ, ನಾನು ಕೇಳಿದ ಆ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿಲ್ಲ.

"ಮಾವ, ಅವತ್ತು ನಾನು ಗೊತ್ತಿಲ್ಲ ಅಂದಿದ್ರೆ, ನೀನು ಹಾಕ್ತಿರ್ಲಿಲ್ವಾ?"