ಹಿಲ್ಕಾಳ ಮನೆಯ ಎರಡು ಪೆಟ್ಟಿಗೆಗಳು

ಹಿಲ್ಕಾ ತೊಲ್ವಾನೆನ್ ಎಂದರೆ ಸಿಟ್ಟು, ಸಿಟ್ಟು ಎಂದರೆ ಹಿಲ್ಕಾ. ಉತ್ತರದ ಹಿಮನಾಡಿನ ಕೈನೂ ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ರಸ್ತೆ ಮಟ್ಟಮಾಡುವ ದೊಡ್ಡ ಯಂತ್ರವನ್ನು ಓಡಿಸುತ್ತಲೇ ಅವಳ ತಲೆ ನರೆತಿತ್ತು. ವಸಂತದಲ್ಲಿ ಹಿಮ ಕರಗಿ ಜಲ್ಲಿರಸ್ತೆಗಳೆಲ್ಲ ಗಂಜಿಯಾಗುವ ವಾರಗಳಲ್ಲಿ ಅವಳ ಸಿಟ್ಟಿಗೆ ಸುಗ್ಗಿ. ಆಗತಾನೇ ಮಟ್ಟ ಮಾಡಿದ ರಸ್ತೆಯ ಮೇಲೆ ಯಾರಾದರೂ ದಿಮ್ಮಿಯ ಲಾರಿ ಹರಿಸಿದರೆ ಯಂತ್ರವನ್ನು ಅಡ್ಡ ನಿಲ್ಲಿಸಿ, ಕೆಳಗಿಳಿದು, ಲಾರಿಯ ಬಾಗಿಲು ಬಡಿದು ಬೈಯುತ್ತಿದ್ದಳು. ಬೈದು ಮುಗಿಸಿ, ತನ್ನ ಫ್ಲಾಸ್ಕಿನಿಂದಲೇ ಅವನಿಗೆ ಕಾಫಿ ಬಗ್ಗಿಸಿ ಕೊಟ್ಟದ್ದೂ ಉಂಟು.

ಆದರೆ ಅದು ಹೊರಗಿನವರ ಮೇಲಿನ ಸಿಟ್ಟು. ಹತ್ತಿರದವರ ಮೇಲೆ ಸಿಟ್ಟು ಬಂದರೆ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಎದ್ದು ಹೋಗಿಬಿಡುತ್ತಿದ್ದಳು, ಅಷ್ಟೆ.

ಗೆಳತಿ ಒರ್ವೊಕ್ಕಿಗೆ ಇದರ ಅನುಭವ ಚೆನ್ನಾಗಿಯೇ ಆಗಿತ್ತು. ಹರೆಯದಲ್ಲಿ ಅವರಿಬ್ಬರೂ ಒಂದೇ ಕಾರಿನಲ್ಲಿ ರ‍್ಯಾಲಿ ಪಂದ್ಯಗಳಿಗೆ ಇಳಿದವರು. ಹಿಲ್ಕಾ ಸ್ಟೀರಿಂಗ್ ಹಿಡಿದರೆ, ಪಕ್ಕದಲ್ಲಿ ಕೂತ ಒರ್ವೊಕ್ಕಿ ಮುಂದೆ ಬರುವ ತಿರುವುಗಳನ್ನು ಟಿಪ್ಪಣಿ ಪುಸ್ತಕದಿಂದ ಓದಿ ಹೇಳುತ್ತಿದ್ದಳು. ಒಮ್ಮೆ ಕಾಯಾನಿ ಊರಿನಾಚೆಯ ಕಾಡಿನಲ್ಲಿ ಒರ್ವೊಕ್ಕಿಯ ಕೈಯಲ್ಲಿ ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಒಂದು ತಿರುವು ತಪ್ಪಿತು. ಕಾರು ಹೋಗಿ ಬರ್ಚ್ ಮರಕ್ಕೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಹಿಲ್ಕಾ ಇಳಿದಳು, ಬಾಗಿಲನ್ನು ಧಡಾರನೆ ಹಾಕಿದಳು, ಹಿಂದಕ್ಕೂ ನೋಡದೆ ಕಾಡಿನೊಳಗೆ ನಡೆದು ಹೋದಳು. ಒರ್ವೊಕ್ಕಿ ಆ ಮುರುಕು ಕಾರಿನಲ್ಲಿ ಒಬ್ಬಳೇ ಕೂತಿದ್ದಳು. ಆಮೇಲೆ ಎಷ್ಟೋ ವರ್ಷ ಇಬ್ಬರಿಗೂ ಮಾತಿರಲಿಲ್ಲ. ಹಿಲ್ಕಾಳ ತಾಯಿ ತೀರಿಕೊಂಡಾಗ, ಮಣ್ಣಾದ ಮೇಲೆ ಬಂದವರಿಗೆಲ್ಲ ಕೊಡುವ ಕಾಫಿಗೆ ಒರ್ವೊಕ್ಕಿ ತಾನಾಗಿಯೇ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಮಾತು ಅಲ್ಲಿಂದ ಮತ್ತೆ ಶುರುವಾಯಿತು.

ಈಗ ಒರ್ವೊಕ್ಕಿ ಮಂಡಿನೋವಿನಿಂದಾಗಿ ದೂರದ ವಾಸಾ ಪಟ್ಟಣದಲ್ಲಿ ಮಗಳ ಮನೆಯ ಹತ್ತಿರ ಇದ್ದಳು. ಇಬ್ಬರೂ ಒಂದೇ ಬಗೆಯ ವಿಡಿಯೋ ಆಟದ ಕನ್ಸೋಲ್ ಕೊಂಡಿದ್ದರು. ಅದರಲ್ಲೊಂದು ರ‍್ಯಾಲಿ ಆಟವಿತ್ತು. ಒಬ್ಬರು ಒಂದೂರಿನಲ್ಲಿ ಕೂತು ಕಾರು ಓಡಿಸಿದರೆ, ಇನ್ನೊಬ್ಬರು ಇನ್ನೊಂದೂರಿನಿಂದ ತಿರುವುಗಳನ್ನು ಓದಿ ಹೇಳಬಹುದು. ಪ್ರತಿ ಶನಿವಾರ ಸೌನಾದ ಹಬೆಸ್ನಾನ ಮುಗಿಸಿ, ಕೂದಲು ಇನ್ನೂ ಒದ್ದೆ ಇರುವಾಗಲೇ, ಇಬ್ಬರೂ ಕಿವಿಗೆ ಹೆಡ್‌ಫೋನ್ ಏರಿಸಿ ಕೂರುತ್ತಿದ್ದರು. ಆ ಹೊತ್ತಿಗೆ ಹಿಲ್ಕಾಳ ಮನೆಗೆ ಯಾರೂ ಫೋನು ಮಾಡುತ್ತಿರಲಿಲ್ಲ.

ಆ ವರ್ಷ ಊರಿಗೆ ಇಂಟರ್ನೆಟ್ಟಿನ ಹೊಸ ಫೈಬರ್ ತಂತಿ ಬಂತು. ಕಂಪನಿಯವನು ಬಂದು ಹಿಲ್ಕಾಳ ಮನೆಯ ನಡುಮನೆಯ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಬಡಿದು ಹೋದ. ತೊಂದರೆ ಶುರುವಾದದ್ದು ಅಲ್ಲಿಂದ. ಓಟದ ನಡುವೆ ಒರ್ವೊಕ್ಕಿಯ ದನಿ ಚೂರು ಚೂರಾಗುತ್ತಿತ್ತು, ಆಮೇಲೆ ಸಂಪರ್ಕವೇ ಹೋಗುತ್ತಿತ್ತು. ಹೋಗುವುದಾದರೂ ಯಾವಾಗ? ಒರ್ವೊಕ್ಕಿ ಏನಾದರೂ ತಪ್ಪು ಓದಿದ ಹಿಂದೆಯೇ ಒಂದೆರಡು ಸಲ ಹೋಯಿತು. ಅಲ್ಲಿಗೆ ಎಲ್ಲ ಕೆಟ್ಟಿತು.

"ವೈರು ಕಿತ್ತೆಯಲ್ಲವೇನೇ?" ಎಂದು ಒರ್ವೊಕ್ಕಿ ಫೋನಿನಲ್ಲಿ ಕೇಳಿದಳು.

"ಯಾವ ವೈರು? ನಾನ್ಯಾಕೆ ಕೀಳ್ಲಿ? ತಾನಾಗೇ ಹೋಯ್ತು."

"ಹೂಂ. ಅವತ್ತು ಕಾರಿನ ಬಾಗಿಲೂ ತಾನಾಗೇ ಹಾಕ್ಕೊಂಡಿತ್ತು."

"ನಿನಗೇನು ತಲೆ ಕೆಟ್ಟಿದ್ಯಾ? ಇದು ಮಿಷನ್ನಿನ ದೋಷ ಕಣೇ!"

"ನೋಡು, ಈಗಲೇ ಕಿರುಚ್ತಿದ್ದೀಯ. ನನಗೆ ಈ ವಯಸ್ಸಿನಲ್ಲಿ ಇನ್ನೊಂದ್ಸಲ ಕಾಡಿನಲ್ಲಿ ಒಬ್ಬಳೇ ಕೂರೋಕ್ಕಾಗಲ್ಲ ಹಿಲ್ಕಾ. ಈ ಶನಿವಾರವೂ ಹೀಗೇ ಆದ್ರೆ ನಾನು ಬಿಟ್ಟೆ. ಇಲ್ಲಿ ನಮ್ಮ ಕಟ್ಟಡದ ಸಿಲ್ಯ ಕರೀತಿದ್ದಾಳೆ, ಅವಳಿಗೆ ಓದ್ತೀನಿ."

ಹಿಲ್ಕಾ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಮಾಡದ ತಪ್ಪಿನ ಆರೋಪಕ್ಕೆ ಸಿಟ್ಟು ಬರುತ್ತದೆ. ಆ ಸಿಟ್ಟೇ ಆರೋಪಕ್ಕೆ ಸಾಕ್ಷಿಯಾಗಿ ನಿಂತರೆ ಮನುಷ್ಯ ಎಲ್ಲಿಗೆ ಹೋಗಬೇಕು? ಅವಳು ಹಿತ್ತಿಲಿಗೆ ಹೋಗಿ, ಮುಂದಿನ ಚಳಿಗಾಲಕ್ಕಾಗುವಷ್ಟು ಸೌದೆ ಒಡೆದಳು. ಸಿಲ್ಯ ಅಂತೆ! ಆ ಸಿಲ್ಯಳಿಗೆ ಗೇರ್ ಯಾವುದು ಬ್ರೇಕ್ ಯಾವುದು ಗೊತ್ತೋ ಇಲ್ಲವೋ!

ಮರುದಿನ ಕಂಪನಿಗೆ ಫೋನು ಹಚ್ಚಿದಳು.

"ನಮ್ಮ ಕಡೆಯಿಂದ ಎಲ್ಲಾ ಸರಿಯಾಗಿದೆ ಮೇಡಂ. ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಮಾಡಿದ್ದೀನಿ. ನೂರು ಸಲ ಮಾಡಿದ್ದೀನಿ. ಬೇರೇನಾದ್ರೂ ಹೇಳಪ್ಪ."

"ಹಾಗಾದ್ರೆ ಕನ್ಸೋಲ್ ಮಾಡಿದವರನ್ನ ಕೇಳಿ."

"ಅವರು ನಿಮ್ಮನ್ನ ಕೇಳು ಅಂತಾರೆ. ನೀವಿಬ್ಬರೂ ಒಂದು ಕಡೆ ಕೂತು, ನನ್ನನ್ನ ಯಾರು ಆಟ ಆಡಿಸಬೇಕು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ!"

ಆ ಕಡೆಯವನು ಶುಭದಿನ ಹಾರೈಸಿ ಫೋನಿಟ್ಟ. ಶುಭದಿನವಂತೆ.

ಹಿಲ್ಕಾ ಯಂತ್ರಕ್ಕೆ ಹೆದರುವವಳಲ್ಲ. ಮನೆಯೊಳಗೆ ಇಂಟರ್ನೆಟ್ ಹಂಚುವ ತನ್ನ ಹಳೆಯ ರೂಟರಿನ ಒಳಪುಟವನ್ನು ಕಂಪ್ಯೂಟರಿನಲ್ಲಿ ತೆರೆದು ಕೂತಳು. ಮನೆಯೊಳಗೆ ಕನ್ಸೋಲಿಗೆ ಬದಲಾಗದ ಒಂದು ವಿಳಾಸ ಕೊಡಬೇಕು, ಆಟಕ್ಕೆ ಬೇಕಾದ ಬಾಗಿಲುಗಳನ್ನು, ಅಂದರೆ ಪೋರ್ಟುಗಳನ್ನು, ಆ ವಿಳಾಸಕ್ಕೆ ತೆರೆದಿಡಬೇಕು ಎಂದು ಎಲ್ಲೋ ಓದಿದ್ದಳು. ಹಾಗೆಯೇ ಮಾಡಿದಳು. ಕನ್ಸೋಲಿನಲ್ಲಿ ಪರೀಕ್ಷಿಸಿ ನೋಡಿದರೆ ತೆರೆಯ ಮೇಲೆ ಅದೇ ಉತ್ತರ: ಸಂಪರ್ಕದ ಬಗೆ, ಬಿಗಿ. ಹೊರಗಿನಿಂದ ಯಾರೂ ನೇರವಾಗಿ ಒಳಗೆ ಬರಲಾರರು ಎಂದು ಅರ್ಥ. ಬೈದಳು. ಮತ್ತೆ ಮಾಡಿದಳು. ಬಿಗಿ. ರೂಟರನ್ನು ಎತ್ತಿ ಕೊಟ್ಟಿಗೆಯ ಗೋಡೆಗೆ ಅಪ್ಪಳಿಸುವ ಆಸೆಯಾಯಿತು. ಕೈಯಲ್ಲಿ ಹಿಡಿದೂ ಆಗಿತ್ತು.

ಬೆಚ್ಚಗಿದ್ದ ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಪುಟವನ್ನು ಇನ್ನೊಮ್ಮೆ ನೋಡಿದಳು. 'ಹೊರಗಿನ ವಿಳಾಸ' ಎಂಬಲ್ಲಿ ಬರೆದಿದ್ದ ಅಂಕಿ ನೂರ ತೊಂಬತ್ತೆರಡರಿಂದ ಶುರುವಾಗಿತ್ತು. ಅದು ಮನೆಯೊಳಗಿನ ವಿಳಾಸಗಳ ಜಾಡು. ಈಗಷ್ಟೇ ಕನ್ಸೋಲಿಗೆ ಅಂಥದೇ ಒಂದನ್ನು ಕೊಟ್ಟಿದ್ದಳು. ಹೊರಗಿನದೆಂದು ಈ ರೂಟರು ತಿಳಿದುಕೊಂಡಿರುವುದು ಹೊರಗೇ ಅಲ್ಲ. ಇದರ ಮುಂದೆ ಇನ್ನೊಂದು ರೂಟರ್ ಇದೆ.

ಅವಳ ಕಣ್ಣು ನಡುಮನೆಯ ಬಿಳಿ ಪೆಟ್ಟಿಗೆಯ ಕಡೆ ತಿರುಗಿತು.

ಅದನ್ನು ಗೋಡೆಗೆ ಬಡಿದವನು ಅವತ್ತೇ ಹೇಳಿದ್ದ: "ಹಳೇ ರೂಟರ್ ತೆಗೆದುಬಿಡಿ, ಇದೇ ಸಾಕು." ಅವನು ಹಿಮ ಮೆತ್ತಿದ ಬೂಟು ಹಾಕಿಕೊಂಡೇ ಅವಳ ಚಿಂದಿಬಟ್ಟೆಯ ಜಮಖಾನೆಯ ಮೇಲೆ ನಡೆದಿದ್ದ. ಬೂಟು ಬಿಚ್ಚದೆ ಮನೆಯೊಳಗೆ ಬಂದವನ ಮಾತನ್ನು ಆ ಸೀಮೆಯಲ್ಲಿ ಯಾರು ತಾನೇ ಕೇಳುತ್ತಾರೆ? "ನನ್ನ ಮನೇಲಿ ಏನಿರಬೇಕು ಅಂತ ನೀನು ಹೇಳಬೇಡ" ಎಂದು ಅವನನ್ನು ಹೊರಗೆ ಕಳಿಸಿ, ಅದೇ ಸಿಟ್ಟಿನಲ್ಲಿ ತನ್ನ ಹಳೆಯ ರೂಟರನ್ನು ಆ ಬಿಳಿ ಪೆಟ್ಟಿಗೆಯ ಬೆನ್ನಿಗೇ ಸಿಕ್ಕಿಸಿದ್ದಳು. ಅಂದಿನಿಂದ ಮನೆಗೆ ಇಬ್ಬರು ಕಾವಲುಗಾರರು. ಅವಳು ಬಾಗಿಲು ತೆರೆಸಿದ್ದೆಲ್ಲ ಒಳಗಿನವನ ಕೈಯಲ್ಲಿ. ಹೊರಗಿನವನಿಗೆ ಒಳಗೊಬ್ಬ ಇದ್ದಾನೆಂಬುದೇ ತಿಳಿಯದು. ಅವನು ಬಂದವರನ್ನೆಲ್ಲ ಹೊಸಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದ.

"ಪೆರ್ಕೆಲೆ," ಎಂದಳು ಹಿಲ್ಕಾ. ಆ ಬೈಗುಳ ಬಿಳಿ ಪೆಟ್ಟಿಗೆಗೂ ಅಲ್ಲ, ಬೂಟಿನವನಿಗೂ ಅಲ್ಲ. ಬೈಯಲು ಎದುರಿಗೆ ಯಾರೂ ಉಳಿದಿರಲಿಲ್ಲ. ಎಂದೋ ಬಂದ ಸಿಟ್ಟೊಂದು ಇಷ್ಟು ವಾರ ನಡುಮನೆಯಲ್ಲಿ ದೀಪ ಮಿನುಗಿಸುತ್ತ ಕೂತು, ಅವಳ ಗೆಳತಿಯನ್ನು ಬಾಗಿಲಾಚೆ ನಿಲ್ಲಿಸಿತ್ತು.

ಬಿಳಿ ಪೆಟ್ಟಿಗೆಯ ಪುಟದಲ್ಲಿ 'ಸೇತುವೆ' ಎಂಬ ಒಂದು ಆಯ್ಕೆ ಇತ್ತು. ಅದನ್ನು ಒತ್ತಿದರೆ ಆ ಪೆಟ್ಟಿಗೆ ಕಾವಲು ಬಿಟ್ಟು, ಬಂದದ್ದನ್ನೆಲ್ಲ ಸುಮ್ಮನೆ ದಾಟಿಸುತ್ತದೆ. ಒತ್ತಿದಳು. ದೀಪಗಳು ಆರಿ ಹೊತ್ತಿಕೊಂಡವು. ಕನ್ಸೋಲಿನ ತೆರೆಯ ಮೇಲೆ ಈಗ 'ಮುಕ್ತ' ಎಂದಿತ್ತು.

ಶನಿವಾರ ಬಂತು. ಒರ್ವೊಕ್ಕಿಯ ದನಿ ಕಿವಿಯ ಪಕ್ಕದಲ್ಲೇ ಇತ್ತು, ಆದರೆ ಬಿಗಿಯಾಗಿತ್ತು.

"ಇದೇ ಕೊನೆ. ಹೇಳಿದ್ದೀನಿ."

"ಬಾಯಿ ಮುಚ್ಚಿ ಓದು."

"ಬಾಯಿ ಮುಚ್ಚಿ ಹೇಗೇ ಓದ್ಲಿ? ಎಡ, ಉದ್ದ. ದಿಬ್ಬ. ಬಲ, ಬಿಗಿ..."

ಓಟ ಸೊಗಸಾಗಿ ಸಾಗಿತ್ತು. ಕೊನೆಯ ದಿಬ್ಬದ ಬಳಿ ಒರ್ವೊಕ್ಕಿ ಕೆಮ್ಮಿದಳು. ಎಡ ಎನ್ನಬೇಕಾದ ಮಾತು ಒಂದು ಗಳಿಗೆ ತಡವಾಯಿತು. ಕಾರು ಗಾಳಿಗೆ ಹಾರಿ, ಪಲ್ಟಿ ಹೊಡೆದು, ಮರಗಳ ನಡುವೆ ಬೋರಲು ಬಿತ್ತು.

ಹಿಲ್ಕಾಳ ಕೈ ತಾನಾಗಿಯೇ ಹೆಡ್‌ಫೋನಿಗೆ ಹೋಯಿತು. ಹಳೆಯ ಅಭ್ಯಾಸ. ಎದ್ದು ಅರ್ಧ ನಿಂತೂಬಿಟ್ಟಿದ್ದಳು.

"ಹಿಲ್ಕಾ?" ದನಿ ತೀರ ಸಣ್ಣದಾಗಿತ್ತು. "ಹೋದೆಯೇನೇ?"

ಹಿಲ್ಕಾ ಹೆಡ್‌ಫೋನಿನಿಂದ ಕೈ ತೆಗೆದಳು. ಆಮೇಲೆ ಕುರ್ಚಿಗೆ ಧೊಪ್ಪನೆ ಕೂತು ಬಾಯಿ ತೆರೆದಳು.

"ಕೆಮ್ಮೋಕೆ ನಿನಗೆ ಅದೇ ದಿಬ್ಬ ಬೇಕಿತ್ತೇನೇ ಹಾಳಾದವಳೇ! ಗೆದ್ದಾಗಿತ್ತಲ್ಲೇ! ವಾರವೆಲ್ಲ ತಲೆ ಚಚ್ಕೊಂಡು ಈ ದರಿದ್ರ ಪೆಟ್ಟಿಗೆ ಸರಿಮಾಡಿದ್ದು ನಿನ್ನ ಕೆಮ್ಮು ಕೇಳೋಕಾ? ಕಾಯಾನಿಯಲ್ಲೂ ಹೀಗೇ ಮಾಡಿದೆ! ಆ ಹಾಳೆ ತಿರುವೋ ಮೊದಲು ಬೆರಳು ಒದ್ದೆ ಮಾಡ್ಕೊಳ್ಳೋಕೆ ಏನಾಗಿತ್ತೇ ನಿನಗೆ?"

ಅಷ್ಟು ವರ್ಷ ಹಿಂದೆ ಕಾಡಿನಲ್ಲಿ ಆಡದೆ ಹೊತ್ತುಕೊಂಡು ಹೋದ ಬೈಗುಳಗಳೆಲ್ಲ ಒಂದೊಂದಾಗಿ ಹೊರಬಂದವು. ಒಂದು ಅಕ್ಷರವೂ ಚೂರಾಗದೆ ವಾಸಾ ತಲುಪಿದವು.

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು, ಅದರ ಬೆನ್ನಿಗೆ ನಗೆ.

"ಬೈ, ಬೈ. ಇನ್ನೂ ಬೈ. ಇಲ್ಲೇ ಇದ್ದೀಯಲ್ಲ."

"ಇಲ್ಲದೆ ಎಲ್ಲಿಗೆ ಹೋಗ್ಲಿ?" ಎಂದು ಹಿಲ್ಕಾ ಗದರಿದಳು. "ನೀರು ಕುಡಿ. ಮೊದಲಿಂದ ಓದು."