ಹುಣಸೆಗೆ ನೆಲೆ ಹುಡುಕಿದ ಚಂದ್ರಕಲಾ

ಆಂಧ್ರದ ಹಿಂದೂಪುರದಲ್ಲಿ ಬೆಲ್ಲದ ಮಂಡಿಗಳ ಸಾಲು ಮುಗಿದು ಹುಣಸೆಹಣ್ಣಿನ ಗೋದಾಮುಗಳು ಮೊದಲಾಗುವ ಕಡೆ, ಒಂದು ಮನೆಯ ಮುಂಗೋಣೆಯಲ್ಲಿ ಚಂದ್ರಕಲಾ ಟೈಪಿಂಗ್ ಮತ್ತು ಕಂಪ್ಯೂಟರ್ ಕಲಿಸುತ್ತಾರೆ. ಹುಟ್ಟೂರು ಬೆಳುಗುಪ್ಪ. ತಂದೆ ತೋಟಪ್ಪ ಕಡಲೆಕಾಯಿ ವ್ಯಾಪಾರಿ; ಮಗಳ ಓದನ್ನು ಹತ್ತನೆಯ ತರಗತಿಗೆ ನಿಲ್ಲಿಸಿ ಮದುವೆ ಮಾಡಿದರು. ಮದುವೆಯಾದ ಮೇಲೆ ಆಕೆ ಸಂಜೆ ಹೊತ್ತು ಟೈಪಿಂಗ್ ಕಲಿತು, ಇಂಗ್ಲಿಷ್ ತೆಲುಗು ಎರಡರಲ್ಲೂ ಹೈಯರ್ ಪರೀಕ್ಷೆ ಮುಗಿಸಿದರು. ನಾನು ಯಾರನ್ನೂ ಸುಲಭವಾಗಿ ಹೊಗಳುವವಳಲ್ಲ. ಸಂಜೆಯ ಓದು ಮೈಯಿಂದ ಎಷ್ಟನ್ನು ಹಿಂಡುತ್ತದೆ ಎಂಬುದನ್ನು ಬಲ್ಲವಳಾದ್ದರಿಂದ, ಆ ಓದನ್ನು ಆಕೆ ಯಾವುದಕ್ಕೆ ಬಳಸಿದರು ಎಂಬುದಷ್ಟನ್ನೇ ಇಲ್ಲಿ ಬರೆಯುತ್ತೇನೆ.

ಅವರ ಮುಂಗೋಣೆಯ ಆರು ಕಂಪ್ಯೂಟರುಗಳೂ ಯಾವುದೋ ಕಚೇರಿಯವರು ಬೇಡವೆಂದು ಹರಾಜು ಹಾಕಿದವು. ಹೊಸ ವಿಂಡೋಸ್ ಅವುಗಳಲ್ಲಿ ಏಳುತ್ತಿರಲಿಲ್ಲ. ಹಳೆಯದಕ್ಕೆ ವಾರಕ್ಕೊಮ್ಮೆ ವೈರಸ್. ಒಂದು ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಅವರಿಗೆ ಲಿನಕ್ಸ್ ಸಿಕ್ಕಿತು. ಅದು ಯಾರು ಬೇಕಾದರೂ ಬಿಚ್ಚಿ, ತಿದ್ದಿ, ಇನ್ನೊಬ್ಬರಿಗೆ ಹಂಚಬಹುದಾದ ವ್ಯವಸ್ಥೆ. ಮೂರು ವರ್ಷ ಅದನ್ನು ಬಿಚ್ಚಿ, ಬೇಡದ್ದನ್ನು ತೆಗೆದು, ತೆಲುಗು ಕನ್ನಡ ಎರಡನ್ನೂ ಸೇರಿಸಿ, ಮುದಿ ಯಂತ್ರಗಳಲ್ಲೂ ಓಡುವ ಒಂದು ಹೊಸ ಲಿನಕ್ಸನ್ನು ಕಟ್ಟಿದರು. ಒಣನೆಲದಲ್ಲಿ ಯಾರ ಆರೈಕೆಯೂ ಇಲ್ಲದೆ ಬದುಕುವ ಮರದ ಹೆಸರನ್ನೇ ಅದಕ್ಕಿಟ್ಟರು: ಹುಣಸೆ. ಒಟ್ಟು ನೂರ ತೊಂಬತ್ತು ಎಂಬಿ. ಗೋರಂಟ್ಲದಿಂದ ಬೆಳುಗುಪ್ಪದವರೆಗೆ ಹನ್ನೊಂದು ಹೈಸ್ಕೂಲುಗಳ ಮೇಷ್ಟ್ರುಗಳು, ಧೂಳು ತಿನ್ನುತ್ತಿರುವ ತಮ್ಮ ಕಂಪ್ಯೂಟರುಗಳಿಗೆ ಅದು ಬೇಕೆಂದು ಬರೆದು ಕೇಳಿದ್ದರು. ಕೊಡುತ್ತೇನೆಂದು ಆಕೆಯೂ ಮಾತು ಕೊಟ್ಟಿದ್ದರು.

ಕೊಡುವುದು ಎಲ್ಲಿಂದ? ಪ್ರತಿ ಸಲ ತಿದ್ದಿದಾಗಲೂ ಹನ್ನೊಂದು ಊರಿಗೆ ಸಿ.ಡಿ. ಹೊತ್ತು ತಿರುಗಲಾಗದು. ಹಗಲಿರುಳು ಎಚ್ಚರವಾಗಿರುವ ಯಾವುದಾದರೂ ಸರ್ವರ್‌ನಲ್ಲಿ ಅದನ್ನಿಟ್ಟರೆ, ಬೇಕಾದವರು ಬೇಕಾದಾಗ ಇಳಿಸಿಕೊಳ್ಳಬಹುದು. ಪುಕ್ಕಟೆ ಜಾಗ ಕೊಡುವ ಜಾಲತಾಣಗಳು ಇಪ್ಪತ್ತು ಎಂಬಿ ದಾಟಿದೊಡನೆ ಬಾಗಿಲು ಹಾಕಿದವು. ಒಂದು ಇಂಜಿನಿಯರಿಂಗ್ ಕಾಲೇಜಿನವರು ಆಡಳಿತ ಮಂಡಳಿಯ ಒಪ್ಪಿಗೆ ಬೇಕೆಂದು ಹೇಳಿ ಏಳು ತಿಂಗಳು ಸುಮ್ಮನಿದ್ದರು. ನಿಮ್ಮಲ್ಲಿಂದ ಕಡತವನ್ನು ಮೇಲಕ್ಕೆ ಕಳುಹಿಸಿ ನೋಡಲೇ ಎಂದು ಕೇಳಿದ್ದಕ್ಕೆ ಊರಿನ ಇಂಟರ್‌ನೆಟ್ ಅಂಗಡಿಯೊಂದರ ಮಾಲೀಕನಂತೂ ಹೌಹಾರಿದ.

"ಇಳಿಸ್ಕಳಮ್ಮಾ, ಎಷ್ಟಾದ್ರೂ ಇಳಿಸ್ಕ. ಮೇಲಕ್ ಕಳ್ಸದು ಮಾತ್ರ ಬ್ಯಾಡ. ಅದ್ರ ಹಿಂದೆ ನಮ್ ಕಂಪ್ಯೂಟರ್ನಾಗಿರದೂ ಹೊಂಟೋಗ್ಬುಟ್ರೆ ಯಾರ್ನ ಕೇಳನ?"

2006ರ ಜುಲೈಯಲ್ಲಿ, ಆಕೆ ಬರೆದು ಕೇಳಿದ್ದ ಜರ್ಮನಿಯ ಒಂದು ವಿಶ್ವವಿದ್ಯಾಲಯದಿಂದ ಉತ್ತರ ಬಂತು. ಅಲ್ಲಿ ಸರ್ವರ್ ನೋಡಿಕೊಳ್ಳುವವರು ಹುಣಸೆಗೆ ಜಾಗ ಕೊಡಲು ಒಪ್ಪಿದ್ದರು. ಗಡುವು ನಮ್ಮ ಗಡಿಯಾರದಲ್ಲಿ ಬರುವ ಭಾನುವಾರ ಸಂಜೆ ಐದು ಗಂಟೆ. ಆಮೇಲೆ ಸರ್ವರನ್ನು ಬೇರೆ ಕಟ್ಟಡಕ್ಕೆ ಸಾಗಿಸುತ್ತಾರೆ. ಹೊಸಬರನ್ನು ಮುಂದಿನ ವರ್ಷದವರೆಗೆ ಸೇರಿಸಿಕೊಳ್ಳುವುದಿಲ್ಲ.

ಹಿಂದೂಪುರದ ಮನೆಯ ಫೋನಿನಿಂದ ಇಷ್ಟು ದೊಡ್ಡ ಕಡತವನ್ನು ಕಳುಹಿಸುವುದು ಆಗದ ಮಾತು. ಹತ್ತು ನಿಮಿಷಕ್ಕೊಮ್ಮೆ ಸಂಪರ್ಕ ಕಡಿಯುತ್ತಿತ್ತು. ಕಲ್ಯಾಣದುರ್ಗದಲ್ಲಿ ಉಗ್ರಪ್ಪನಿದ್ದ. ಅವನೂ ಬೆಳುಗುಪ್ಪದವನೇ, ಆಕೆಗೆ ತಮ್ಮನ ವರಸೆ. ಟೆಲಿಫೋನ್ ಎಕ್ಸ್‌ಚೇಂಜಿನ ಗೋಡೆಗೆ ಹೊಂದಿಕೊಂಡೇ ಅವನ ಇಂಟರ್‌ನೆಟ್ ಅಂಗಡಿ. ಹೊಸದಾಗಿ ಬಂದ ಬ್ರಾಡ್‌ಬ್ಯಾಂಡ್ ಅಲ್ಲಿ ಅಲುಗಾಡದೆ ನಿಲ್ಲುತ್ತಿತ್ತು. ಕರೆಂಟು ಹೋದರೆ ಆಧಾರಕ್ಕೆ ಎರಡು ಲಾರಿ ಬ್ಯಾಟರಿಗಳಿದ್ದವು. ಚಂದ್ರಕಲಾ ಹುಣಸೆಯನ್ನು ಮೂವತ್ತೆಂಟು ತುಂಡುಗಳಾಗಿ ಕತ್ತರಿಸಿದರು. ಒಂದು ತುಂಡು ಮೇಲೇರಲು ಹನ್ನೆರಡು ನಿಮಿಷ. ಪ್ರತಿ ತುಂಡಿಗೂ, ಇಡೀ ಹುಣಸೆಗೂ ಒಂದೊಂದು ತಾಳೆಸಂಖ್ಯೆಯನ್ನು ನೋಟುಪುಸ್ತಕದಲ್ಲಿ ಕೈಯಾರೆ ಬರೆದುಕೊಂಡರು. ಮೂವತ್ತೆರಡು ಅಕ್ಷರ ಅಂಕಿಗಳ ಸಾಲು ಅದು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಬುಧವಾರ ಒಂದೊಂದರಲ್ಲೂ ಎಲ್ಲ ತುಂಡುಗಳಿರುವಂತೆ ಮೂರು ಸಿ.ಡಿ.ಗಳನ್ನು ಬರೆದರು.

ಗುರುವಾರ ಬೆಳಿಗ್ಗೆ ಕರೆಂಟು ಏರಿಳಿದು ಅವರ ಮುಖ್ಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸುಟ್ಟಿತು. ಮೂರು ವರ್ಷದ ಕೆಲಸವೆಲ್ಲ ಇದ್ದದ್ದು ಅದರಲ್ಲಿ. ಮೂರು ಸಿ.ಡಿ.ಗಳಿವೆಯಲ್ಲ ಎಂದು ಆಕೆ ಧೈರ್ಯ ತಂದುಕೊಂಡರು.

ಆ ಮನೆಯಲ್ಲೊಂದು ಪದ್ಧತಿಯಿದೆ. ಹೊಸದು ಯಾವುದೇ ಇರಲಿ, ಹೊಸ್ತಿಲು ದಾಟುವ ಮೊದಲು ದೇವರ ಕೋಣೆಯಲ್ಲಿ ಒಂದು ದಿನ ಕೂರಬೇಕು. ಚಂದ್ರಕಲಾ ಮೂರೂ ಸಿ.ಡಿ.ಗಳನ್ನು ಕವರಿನಿಂದ ತೆಗೆದು, ಹೊಳೆಯುವ ಮುಖ ಮೇಲಾಗಿ, ಬಾಳೆಲೆಯ ಮೇಲಿಟ್ಟರು. ಶುಕ್ರವಾರ ಬೆಳಿಗ್ಗೆ ಅವುಗಳನ್ನು ಕವರಿಗೆ ಹಾಕಿ, ಒಂದನ್ನು ಕಲ್ಯಾಣದುರ್ಗದ ಬಸ್ಸಿನ ಡ್ರೈವರ್ ಕದಿರಣ್ಣನ ಕೈಗೆ ಕೊಟ್ಟರು. ಈ ಸೀಮೆಯಲ್ಲಿ ತುರ್ತಿನ ಸಾಮಾನು ಹೋಗುವುದೇ ಹಾಗೆ: ಈ ಊರಿನಲ್ಲಿ ಡ್ರೈವರಿಗೆ ಕೊಟ್ಟು ಬಸ್ಸಿನ ನಂಬರನ್ನು ಫೋನಿನಲ್ಲಿ ಹೇಳಿದರೆ, ಆ ಊರಿನಲ್ಲಿ ಒಬ್ಬರು ಕಾದು ನಿಂತಿರುತ್ತಾರೆ.

"ಏನಮ್ಮಾ ಇದು, ಅಂಗೈಯಗಲ ಐತೆ? ಹಪ್ಪಳಾನಾ?" ಎಂದ ಕದಿರಣ್ಣ.

"ಹಪ್ಪಳಕ್ಕಿಂತ ನಾಜೂಕು ಕಣಣ್ಣ. ಬಿಸಿಲಿಗೆ ಇಡ್ಬ್ಯಾಡ."

ಶನಿವಾರ ಹನ್ನೊಂದಕ್ಕೆ ಉಗ್ರಪ್ಪನ ಫೋನು ಬಂತು.

"ಅಕ್ಕಯ್ಯಾ, ಸೀಡಿ ಸರಿಯಾಗ್ ಓದ್ತಿಲ್ಲ. ಒಳಗೆ ಗಿರಗಿರ ಅಂತೈತೆ, ಆಮೇಕೆ ಎರ್ರರ್ರು. ಇಪ್ಪತ್ತೇಳು ತುಂಡು ಬಂದವೆ, ಹನ್ನೊಂದು ಬರ್ತಿಲ್ಲ."

"ಬಿಸಿಲಲ್ಲಿ ಇಟ್ಟಿದ್ನೇನೋ ಕದಿರಣ್ಣ?"

"ಅದೇನ್ ಗೊತ್ತಿಲ್ಲ. ತಿರುಗ್ಸಿ ನೋಡಿದ್ರೆ ಮೈಮ್ಯಾಲೆಲ್ಲ ಸುತ್ತ ಸುತ್ತ ಗೀರವೆ. ಪಾತ್ರೆ ಉಜ್ದಂಗೆ."

ಚಂದ್ರಕಲಾ ಉಳಿದೆರಡು ಸಿ.ಡಿ.ಗಳನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಎರಡರ ಮೇಲೂ ಅಂಥದೇ ಸಣ್ಣ ಗೀರುಗಳಿದ್ದವು, ಒಂದರ ಮೇಲೆ ಮಾತ್ರ ಕಡಿಮೆ. ಕವರಿನ ಒಳಮೈಯಲ್ಲಿ ಬಿಳಿಯ ಹುಡಿ. ಬೆರಳಿನಿಂದ ತೆಗೆದು ಮೂಸಿದಾಗ ಅದು ವಿಭೂತಿಯೆಂದು ತಿಳಿಯಿತು.

ಅತ್ತೆ ಭ್ರಮರಾಂಬ ಹಜಾರದಲ್ಲಿ ಹೂ ಕಟ್ಟುತ್ತಿದ್ದರು. ಇಷ್ಟಲಿಂಗವಿಡುವ ತಮ್ಮ ಬೆಳ್ಳಿಯ ಕರಡಿಗೆಯನ್ನು ಸೋಮವಾರ ಸೋಮವಾರ ವಿಭೂತಿಯಿಂದಲೇ ತಿಕ್ಕಿ ಬೆಳಗುವವರು ಅವರು.

"ಅತ್ತೆಮ್ಮಾ, ದೇವರ ಮುಂದಿದ್ದ ಸಿ.ಡಿ. ಮುಟ್ಟಿದ್ರಾ?"

"ಮುಟ್ಟದೆ ಏನ್ ಮಾಡ್ಲಮ್ಮಾ? ದೀಪದ ಕರಿ ಕೂತಿತ್ತು, ನಿನ್ ಬೆರಳಚ್ಚು ಬೇರೆ. ಪರದೇಶಕ್ ಹೋಗೋ ಸಾಮಾನು, ಹಂಗೇ ಕಳ್ಸಕ್ಕಾಯ್ತದಾ? ಕರಡಿಗೆ ಬೆಳಗ್ದಂಗೆ ಬೆಳಗಿಟ್ಟೆ. ಮೂರ್ನೇದರ ಹೊತ್ಗೆ ಕೈ ಸೋತೋಯ್ತು, ಅದ್ನ ಮಾತ್ರ ಸೆರಗ್ನಾಗೆ ಒರೆಸ್ಬುಟ್ಟೆ." ಸೊಸೆಯ ಮುಖ ನೋಡಿ ಅವರ ಕೈಯಲ್ಲಿದ್ದ ನಾರು ನಿಂತಿತು. "ಯಾಕಮ್ಮಾ? ಕೆಟ್ಟೋಯ್ತಾ?"

"ಗೀರು ಬಿದ್ದದೆ."

"ಹಂಗಾದ್ರೆ ನಾನೇ ಹಾಳ್ಮಾಡ್ದಂಗಾಯ್ತಲ್ಲ, ಶಿವನೇ."

ಸಂಕಟದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಆಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಚಂದ್ರಕಲಾ ಆಡಲಿಲ್ಲ. "ನೀವಲ್ಲ ಅತ್ತೆಮ್ಮಾ. ಕವರಿಲ್ದೆ ಬಿಚ್ಚಿಟ್ಟೋಳು ನಾನು" ಎಂದಷ್ಟೇ ಹೇಳಿ ಮುಂಗೋಣೆಗೆ ಹೋದರು.

ಉಗ್ರಪ್ಪ ತನ್ನಲ್ಲಿ ಸರಿಯಿದ್ದ ಇಪ್ಪತ್ತೇಳು ತುಂಡುಗಳನ್ನು ಅಂದೇ ಕಳುಹಿಸತೊಡಗಲಿ, ಉಳಿದ ಹನ್ನೊಂದನ್ನು ಈ ಎರಡು ಸಿ.ಡಿ.ಗಳಲ್ಲಿ ಹುಡುಕೋಣ ಎಂದು ನಿರ್ಧಾರವಾಯಿತು. ಮೂರರಲ್ಲೂ ಇದ್ದದ್ದು ಅದೇ ತುಂಡುಗಳು. ಗೀರುಗಳು ಮಾತ್ರ ಬೇರೆ ಬೇರೆ ಜಾಗದಲ್ಲಿದ್ದವು. ಅವರು ಒಂದೊಂದನ್ನೇ ಓದಿಸಿ, ತಾಳೆಸಂಖ್ಯೆಯನ್ನು ಪುಸ್ತಕದೊಡನೆ ಹೋಲಿಸಿ, ಸರಿಯಿದ್ದುದಕ್ಕೆ ಗುರುತು ಹಾಕುತ್ತ ಹೋದರು. ಸಂಜೆಯ ಹೊತ್ತಿಗೆ ಹತ್ತಕ್ಕೆ ಗುರುತು ಬಿತ್ತು. ಇಪ್ಪತ್ತಮೂರನೆಯ ತುಂಡು ಮಾತ್ರ ಮೂರು ಸಿ.ಡಿ.ಗಳಲ್ಲೂ ಓದಲಾಗದೆ ಉಳಿಯಿತು.

ಆ ಒಂದು ತುಂಡಿಲ್ಲದೆ ಹುಣಸೆಯೇ ಇಲ್ಲ. ಮತ್ತೆ ಕಟ್ಟುವುದಕ್ಕೆ ಮೂಲವೂ ಸುಟ್ಟುಹೋಗಿತ್ತು. ಅವರ ಮುಂಗೋಣೆಯಲ್ಲಿ ಸಿ.ಡಿ. ಓದುವ ಯಂತ್ರ ಇದ್ದದ್ದು ಒಂದೇ. ಉಗ್ರಪ್ಪನ ಅಂಗಡಿಯಲ್ಲಿ ಐದಿದ್ದವು. ಒಂದು ಯಂತ್ರದ ಕಣ್ಣಿಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದುಂಟು. ಭಾನುವಾರ ಬೆಳಗಿನ ಮೊದಲ ಬಸ್ಸಿನಲ್ಲಿ ಆಕೆ ಹೊರಟರು. ಎರಡು ಸಿ.ಡಿ.ಗಳನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ ಮಡಿಲಿನಲ್ಲಿಟ್ಟುಕೊಂಡರು. ಪೆನುಕೊಂಡ ದಾಟಿದ ಮೇಲೆ ಬಸ್ಸಿನಲ್ಲಿ ಜನ ತುಂಬಿತು. ಪಕ್ಕದಲ್ಲಿ ಕುಳಿತ ಹೆಂಗಸಿನ ಬುಟ್ಟಿ ಪ್ರತಿ ತಿರುವಿನಲ್ಲೂ ಮಡಿಲಿಗೆ ತಾಗುತ್ತಿತ್ತು. ಆಕೆ ಎದ್ದು, ಉಳಿದ ದಾರಿಯನ್ನೆಲ್ಲ ನಿಂತೇ ಕಳೆದರು.

ಒಂಬತ್ತೂವರೆಗೆ ಕಲ್ಯಾಣದುರ್ಗ. ಉಗ್ರಪ್ಪ ಅಂಗಡಿಯ ಮುಂದೆ ಜೀಪುಗಳ ಗದ್ದಲದ ನಡುವೆ ನಿಂತಿದ್ದ. ಹತ್ತು ತುಂಡುಗಳು ಒಂದರ ಹಿಂದೊಂದು ಮೇಲೇರತೊಡಗಿದವು. ಇತ್ತ ಇಪ್ಪತ್ತಮೂರನೆಯದರ ಹುಡುಕಾಟ ಮೊದಲಾಯಿತು. ಮೊದಲ ಯಂತ್ರ ಓದಲಿಲ್ಲ, ಎರಡನೆಯದೂ ಇಲ್ಲ. ಮೂರನೆಯದು ಸಿ.ಡಿ.ಯನ್ನು ಒಳಗೆಳೆದುಕೊಂಡು ಹತ್ತು ನಿಮಿಷ ಬಾಗಿಲನ್ನೇ ತೆರೆಯಲಿಲ್ಲ. ಅಷ್ಟು ಹೊತ್ತೂ ಚಂದ್ರಕಲಾ ಮೇಜಿನ ಅಂಚನ್ನು ಹಿಡಿದೇ ನಿಂತಿದ್ದರು. ಹನ್ನೆರಡರ ಹೊತ್ತಿಗೆ ಹತ್ತೂ ತುಂಡುಗಳು ಜರ್ಮನಿ ಸೇರಿದವು. ಎರಡು ಗಂಟೆಗೆ ಐದೂ ಯಂತ್ರಗಳು ಕೈಚೆಲ್ಲಿದವು.

"ಅಕ್ಕಯ್ಯಾ, ನಿಮ್ ಹುಣಸೆ ಮರ ಇಪ್ಪತ್ಮೂರನೇ ಕೊಂಬೇಲಿ ನೇತಾಕ್ಕಂಡೈತೆ" ಎಂದು ಉಗ್ರಪ್ಪ ನಗಿಸಲು ನೋಡಿದ. ಆಕೆ ನಗಲಿಲ್ಲ. ಅವನು ದನಿ ತಗ್ಗಿಸಿದ. "ಒಂದ್ ಮಾತ್ ಹೇಳ್ಲಾ? ಅಷ್ಟೇ ಉದ್ದದ್ದು ಯಾವ್ದಾರ ಒಂದು ಕಡತ ಆ ಜಾಗ್ದಾಗೆ ತುರುಕಿಬುಡನ. ಗಡುವಿನೊಳಗೆ ಮುಟ್ಟಿಸಿದಂಗಾಯ್ತದೆ. ಆಮೇಕೆ ಸರಿಯಾದ್ದು ಸಿಕ್ಕಾಗ ಬದಲಾಯ್ಸನ. ಎವರಿಕಿ ತೆಲುಸು? ಯಾರಿಗ್ ಗೊತ್ತಾಯ್ತದೆ?"

"ತಾಳೆಸಂಖ್ಯೆಗೆ ತೆಲುಸು ಕಣಪ್ಪ. ಅದು ತಪ್ಪಿಸ್ಕೊಂಡ್ರೂ, ನಾಳೆ ಗೋರಂಟ್ಲದ ಮೇಷ್ಟ್ರು ಇಳಿಸ್ಕೊಂಡು, ಮಕ್ಕಳ ಮುಂದೆ ಹಾಕಿ, ಏಳ್ದೆ ಹೋದ್ರೆ? ಅವತ್ತು ನಿನ್ನ ಹೆಸರು ಹೇಳ್ಲಾ, ನನ್ನ ಹೆಸರು ಹೇಳ್ಲಾ?"

ಉಗ್ರಪ್ಪ ಮೂರೂ ಸಿ.ಡಿ.ಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ. ಚಂದ್ರಕಲಾ ಕುಳಿತು ಯೋಚಿಸಿದರು. ಯಂತ್ರಗಳೆಲ್ಲ ಸಿ.ಡಿ.ಯನ್ನು ಮಿತಿಮೀರಿದ ವೇಗದಲ್ಲಿ ತಿರುಗಿಸುತ್ತಿದ್ದವು. ಗೀರಿನ ಮೇಲೆ ಓಡುವ ಕಣ್ಣಿಗೆ ನಿಂತು ನೋಡುವ ಪುರುಸೊತ್ತಿರಲಿಲ್ಲ. ವೇಗವನ್ನು ತಗ್ಗಿಸುವ ಒಂದು ಆಜ್ಞೆ ಲಿನಕ್ಸಿನಲ್ಲಿದೆ, ಉಗ್ರಪ್ಪನ ಅಂಗಡಿಯಲ್ಲೂ ಇದ್ದದ್ದು ಲಿನಕ್ಸೇ. ಗೀರು ಎಲ್ಲಕ್ಕಿಂತ ಕಡಿಮೆಯಿದ್ದದ್ದನ್ನು, ಅಂದರೆ ಅತ್ತೆ ಸೆರಗಿನಲ್ಲಿ ಒರೆಸಿದ್ದೆನೆಂದ ಮೂರನೆಯ ಸಿ.ಡಿ.ಯನ್ನು ಆರಿಸಿಕೊಂಡು, ಒದ್ದೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಅಂಗಡಿಯ ತೀರ ಹಳೆಯ ಯಂತ್ರಕ್ಕೆ ಹಾಕಿ, ಅತಿ ನಿಧಾನದ ವೇಗದಲ್ಲಿ ಓದುವಂತೆ ಆಜ್ಞೆ ಕೊಟ್ಟರು. ಮೊದಲ ಸಲ ಅದು ಅರ್ಧದಲ್ಲಿ ನಿಂತಿತು. ಎರಡನೆಯ ಸಲ ಅಲ್ಲಿಂದ ಸ್ವಲ್ಪ ಮುಂದೆ. ಮೂರೂಮುಕ್ಕಾಲಕ್ಕೆ ಕರೆಂಟು ಹೋಯಿತು, ಬ್ಯಾಟರಿಗಳು ಹಿಡಿದುಕೊಂಡವು. ಉಗ್ರಪ್ಪ ಫ್ಯಾನು, ದೀಪ, ಉಳಿದ ನಾಲ್ಕು ಕಂಪ್ಯೂಟರು ಎಲ್ಲವನ್ನೂ ಆರಿಸಿ, ಒಳಬಂದ ಗಿರಾಕಿಗಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದ. ಆ ಸೆಖೆಯಲ್ಲಿ ಐದನೆಯ ಪ್ರಯತ್ನ ನಾಲ್ಕೂ ಹದಿನೆಂಟಕ್ಕೆ ಕೊನೆ ಮುಟ್ಟಿತು.

ಕೊನೆ ಮುಟ್ಟಿದ ಮಾತ್ರಕ್ಕೆ ಸರಿಯೆನ್ನುವಂತಿರಲಿಲ್ಲ. ಉಗ್ರಪ್ಪ ಪರದೆಯಿಂದ ಒಂದೊಂದೇ ಅಕ್ಷರ ಓದಿದ. ಚಂದ್ರಕಲಾ ನೋಟುಪುಸ್ತಕದ ಮೇಲೆ ಬೆರಳಿಟ್ಟು ಕೇಳುತ್ತ ಹೋದರು. ಮೂವತ್ತೆರಡೂ ಕೂಡಿದವು.

ಆ ತುಂಡು ನಾಲ್ಕೂ ಮೂವತ್ತೈದಕ್ಕೆ ಮೇಲೇರಿ ಮುಗಿಯಿತು. ಐದಕ್ಕೆ ಜರ್ಮನಿಯಿಂದ ಏನೂ ಬರಲಿಲ್ಲ. ಐದೂಕಾಲಕ್ಕೂ ಇಲ್ಲ. ಐದೂವರೆಗೆ ಎರಡು ಸಾಲಿನ ಪತ್ರ ಬಂತು: ತುಂಡುಗಳನ್ನು ಜೋಡಿಸಿದ್ದೇವೆ, ಇಡೀ ಕಡತದ ತಾಳೆಸಂಖ್ಯೆ ಹೊಂದಿದೆ, ಹುಣಸೆ ಪಟ್ಟಿಗೆ ಸೇರಿದೆ.

"ಗೆದ್ಬುಟ್ರಲ್ಲ ಅಕ್ಕಯ್ಯಾ! ನಡೀರಿ, ಕಾಪಿ ಕುಡ್ಕಂಡ್ ಬರನ. ಆರೂಕಾಲಿಗೆ ಹಿಂದೂಪುರದ್ ಬಸ್ಸೈತೆ."

"ತಡಿ. ಅವ್ರು ಇಟ್ಟಿದೀವಿ ಅಂತಾರೆ. ಇಳಿಸ್ಕಳೋರಿಗೆ ಸಿಗ್ತದಾ ನೋಡ್ಬೇಕು. ನೀನೇ ಇಳಿಸು."

"ನಂಬ್ಕೆ ಇಲ್ವಾ?"

"ಐತೆ ಕಣಪ್ಪ. ಆದ್ರೂ ಇಳಿಸು."

ಆರೂಕಾಲಿನ ಬಸ್ಸು ಆಕೆಯನ್ನು ಬಿಟ್ಟು ಹೋಯಿತು. ಏಳೂಕಾಲಕ್ಕೆ ಹುಣಸೆ ಜರ್ಮನಿಯಿಂದ ಕಲ್ಯಾಣದುರ್ಗಕ್ಕೆ ಇಳಿದು ಮುಗಿಯಿತು. ಉಗ್ರಪ್ಪ ಅದನ್ನು ಹೊಸದೊಂದು ಸಿ.ಡಿ.ಗೆ ಬರೆದು, ಆ ತೀರ ಹಳೆಯ ಯಂತ್ರವಿದ್ದ, ಗಿರಾಕಿಗಳ್ಯಾರೂ ಮುಟ್ಟದ ಮೂಲೆಯ ಕಂಪ್ಯೂಟರಿಗೆ ಹಾಕಿದ. ಪರದೆ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ಬೆಳಕು ಮೂಡಿ, ತೆಲುಗಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು ಬಂದು, ನಿಮ್ಮ ಭಾಷೆ ಯಾವುದೆಂದು ಕೇಳಿತು.

"ಯಾವ್ದು ಒತ್ಲಿ?" ಎಂದ ಉಗ್ರಪ್ಪ.

"ಅಂಗಡಿ ನಿಂದು, ನಿನ್ನಿಷ್ಟ" ಎಂದು ಚಂದ್ರಕಲಾ ಅಂದು ಮೊದಲ ಬಾರಿಗೆ ಕುರ್ಚಿಗೆ ಒರಗಿ ಕುಳಿತರು. ಆಮೇಲೆ ಮನೆಗೆ ಫೋನು ಮಾಡಿ, ಸೇರಿತೆಂದೂ ತಾನು ಬೆಳಗಿನ ಬಸ್ಸಿಗೆ ಬರುವೆನೆಂದೂ ಅತ್ತೆಗೆ ತಿಳಿಸಿದರು. ಹನ್ನೊಂದು ಹೈಸ್ಕೂಲುಗಳಿಗೆ ಪತ್ರ ಬರೆಯಲು ಉಗ್ರಪ್ಪನಿಂದ ಕಾಗದ ಕೇಳಿ ತೆಗೆದುಕೊಂಡು, ಗೋರಂಟ್ಲದ ಮೇಷ್ಟ್ರಿಗೆ ಮೊದಲನೆಯದನ್ನು ಅಲ್ಲಿಯೇ ಬರೆಯತೊಡಗಿದರು.